ವಾಲ್‌ಪೇಪರ್ ಕೀಳುವ ಮುಂಚೆ ಗೋಡೆ ಯಾವುದು ನೋಡಿ

ಈ ಸಲದ ಪತ್ರಗಳಲ್ಲಿ ಹಳೇ ವಾಲ್‌ಪೇಪರ್‌ದೇ ಗೋಳು. ಟಿವಿ ಹಿಂದಿನ ಗೋಡೆಗೆ, ಮಂಚದ ಹಿಂದಿನ ಗೋಡೆಗೆ ಅಂತ ಆಸೆಪಟ್ಟು ಅಂಟಿಸಿದ್ದು ಈಗ ಮೂಲೆಯಲ್ಲಿ ಎದ್ದಿದೆ, ಜೋಡಣೆಯ ಹತ್ತಿರ ಬಾಯಿ ಬಿಟ್ಟಿದೆ, ತೆಗೆಯೋಣ ಅಂದ್ರೆ ಗೋಡೆ ಹಾಳಾಗುವ ಭಯ. ಎಲ್ಲರಿಗೂ ಸೇರಿಸಿ ಒಂದು ಉಪಾಯ ಹೇಳಿಬಿಡಿ ಅಂತ ಕೆಲವರು ಬರೆದಿದ್ದಾರೆ. ಅದು ಆಗುವುದಿಲ್ಲ. ಕಾಗದ ಒಂದೇ ಥರದ್ದಾದರೂ ಹಿಂದಿರುವ ಗೋಡೆ ಬೇರೆ ಬೇರೆ. ಒಂದು ಗೋಡೆಗೆ ಧಾರಾಳವಾಗಿ ಹಾಕಬಹುದಾದ ನೀರು ಇನ್ನೊಂದನ್ನು ಕೆಡಿಸಿಬಿಡುತ್ತದೆ. ಅದಕ್ಕೇ ಒಂದೊಂದು ಪತ್ರಕ್ಕೂ ಬೇರೆ ಉತ್ತರ.

ಪ್ರಶ್ನೆ: ಮೇಡಂ, ಬನಶಂಕರಿಯಲ್ಲಿ ಒಂದು ಹಳೇ ಫ್ಲಾಟ್ ತಗೊಂಡಿದ್ದೇವೆ. ಎರಡು ಬೆಡ್‌ರೂಮಿನಲ್ಲೂ ಒಂದೊಂದು ಗೋಡೆಗೆ ದಪ್ಪ ಹೂವಿನ ವಾಲ್‌ಪೇಪರ್ ಇದೆ. ಮೂಲೆಯಲ್ಲಿ ಎಳೆದು ನೋಡಿದರೆ ಮೇಲಿನ ಪ್ಲಾಸ್ಟಿಕ್ ಪದರ ಮಾತ್ರ ಬರುತ್ತದೆ, ಕೆಳಗೆ ಬಿಳಿ ಕಾಗದ ಹಾಗೇ ಉಳಿಯುತ್ತದೆ. ಪೇಂಟರ್ ನೋಡಿ, "ಇದು ಬರಲ್ಲ, ಪುಟ್ಟಿ ಸಮೇತ ಕೆತ್ತಿ ಹೊಸದಾಗಿ ಮಾಡಬೇಕು" ಅಂದರು. ರೇಟು ಕೇಳಿ ಸುಮ್ಮನಾದೆವು. ನಾವೇ ತೆಗೆಯಬಹುದಾ?
— ಓದುಗರು, ಬೆಂಗಳೂರು

ಉತ್ತರ: ತೆಗೆಯಬಹುದು. ಗಂಡ ಹೆಂಡತಿ ಇಬ್ಬರೂ ನಿಂತರೆ ಒಂದು ಗೋಡೆ ಒಂದು ರಜೆಯ ದಿನದಲ್ಲಿ ಮುಗಿಯುವ ಕೆಲಸ, ಅವಸರ ಮಾಡಬಾರದು ಅಷ್ಟೇ. ನಿಮಗೆ ಸಮಸ್ಯೆ ಅನ್ನಿಸಿರುವುದು ನಿಜಕ್ಕೂ ಅನುಕೂಲ. ಪ್ಲಾಸ್ಟಿಕ್ ಪದರ ಬೇರೆಯಾಗಿ ಬರುತ್ತಿದೆ ಅಂದರೆ ಅದು ವಿನೈಲ್ ವಾಲ್‌ಪೇಪರ್. ಆ ಪದರ ಇರುವ ತನಕ ಒಳಗೆ ನೀರು ಇಳಿಯುವುದಿಲ್ಲ. ಅದು ಹೋದ ಮೇಲೆ ಉಳಿಯುವ ಬಿಳಿ ಕಾಗದ ನೀರನ್ನು ಚೆನ್ನಾಗಿ ಕುಡಿಯುತ್ತದೆ, ಹಿಂದಿನ ಅಂಟು ನೆನೆಯುತ್ತದೆ.

ಆದರೆ ನೀರು ಮುಟ್ಟುವ ಮುಂಚೆ ಗೋಡೆ ಯಾವುದು ಅಂತ ತಿಳಿಯಬೇಕು. ಬೆಂಗಳೂರಿನ ಫ್ಲಾಟುಗಳಲ್ಲಿ ಸಾಮಾನ್ಯವಾಗಿ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಬಿಳಿ ಸಿಮೆಂಟಿನ ಪುಟ್ಟಿ, ಪ್ರೈಮರ್, ಬಣ್ಣ ಇರುತ್ತದೆ. ಇದು ನೀರಿಗೆ ಹೆದರುವ ಗೋಡೆಯಲ್ಲ. ಈಚಿನ ಅಪಾರ್ಟ್‌ಮೆಂಟುಗಳಲ್ಲಿ ಬ್ಲಾಕಿನ ಮೇಲೆ ನೇರವಾಗಿ ಜಿಪ್ಸಮ್ ಪ್ಲಾಸ್ಟರ್ ಮಾಡುತ್ತಾರೆ, ಕೆಲವು ಕಡೆ ಪಿಒಪಿ ಎಳೆದಿರುತ್ತಾರೆ. ಇವೆರಡೂ ಜಿಪ್ಸಮ್ಮೇ, ನೀರಿನಲ್ಲಿ ನೆನೆದರೆ ಮೆತ್ತಗಾಗುತ್ತವೆ. ಇನ್ನು ಅಗ್ಗದ ಕೆಲಸದಲ್ಲಿ ಚಾಕ್ ಪುಡಿಯ ಪುಟ್ಟಿ ಹಾಕಿದ್ದರೆ ಅದು ಒದ್ದೆಯಾದ ಕೂಡಲೇ ಕರಗಿದಂತೆ ಕೈಗೆ ಬರುತ್ತದೆ.

ಪರೀಕ್ಷೆ ಸುಲಭ. ಮಂಚ ಅಥವಾ ಬೀರು ಮುಚ್ಚುವಂಥ ಮೂಲೆಯಲ್ಲಿ ಅಂಗೈ ಅಗಲ ಜಾಗದ ಕಾಗದ ತೆಗೆದು, ಬಣ್ಣವನ್ನೂ ಸ್ವಲ್ಪ ಕೆರೆದು, ಒದ್ದೆ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಉಗುರಿನಿಂದ ಗೀರಿ. ಗಟ್ಟಿಯಾಗಿಯೇ ಇದ್ದರೆ ಸಿಮೆಂಟ್ ಪುಟ್ಟಿ, ಧೈರ್ಯವಾಗಿ ನೀರು ಹಾಕಿ. ಬಿಳಿ ಮುದ್ದೆ ಉಗುರಿಗೆ ಬಂದರೆ ಜಿಪ್ಸಮ್ ಅಥವಾ ಚಾಕ್ ಪುಟ್ಟಿ. ಆಗ ಸ್ಪಂಜನ್ನು ಹಿಂಡಿ, ತೆಳುವಾಗಿ ಎರಡು ಮೂರು ಸಲ ಒರೆಸಿಯೇ ಕೆಲಸ ಮಾಡಬೇಕು. ಸ್ಟೀಮರ್ ಅಂತೂ ಬೇಡವೇ ಬೇಡ.

ಶುರು ಮಾಡುವ ಮುಂಚೆ ಆ ರೂಮಿನ ಎಂಸಿಬಿ ಆಫ್ ಮಾಡಿ. ಸ್ವಿಚ್ಚು ಒತ್ತಿ ಲೈಟು ಹತ್ತುವುದಿಲ್ಲ ಅಂತ ಖಾತ್ರಿಯಾದ ಮೇಲೆ, ಟೆಸ್ಟರ್ ಇದ್ದರೆ ಪ್ಲಗ್ ಪಾಯಿಂಟನ್ನೂ ನೋಡಿ, ಸ್ವಿಚ್‌ಬೋರ್ಡುಗಳಿಗೆ ಪ್ಲಾಸ್ಟಿಕ್ ಮುಚ್ಚಿ ಟೇಪ್ ಹಾಕಿ. ಗೋಡೆಯಿಂದ ಇಳಿಯುವ ನೀರು ನೇರ ಬೋರ್ಡಿನೊಳಗೇ ಹೋಗುತ್ತದೆ. ಇದೊಂದನ್ನು ಮಾತ್ರ ಯಾರೂ ಬಿಡಬೇಡಿ.

ಮೊದಲು ಪ್ಲಾಸ್ಟಿಕ್ ಪದರವನ್ನು ಒಣಗಿದಂತೆಯೇ ಎಳೆಯಿರಿ. ಇಲ್ಲಿ ಎಳೆಯುವ ದಿಕ್ಕು ಬಹಳ ಮುಖ್ಯ. ಎದ್ದ ಅಂಚನ್ನು ಹಿಡಿದು ನಿಮ್ಮ ಎದೆಯ ಕಡೆಗೆ ಎಳೆದರೆ ಪುಟ್ಟಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದರ ಬದಲು ಅಂಚನ್ನು ಪೂರ್ತಿ ಹಿಂದಕ್ಕೆ ಮಡಚಿ, ಗೋಡೆಗೆ ಒರೆದುಕೊಂಡು ಹೋಗುವ ಹಾಗೆ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಸಿ. ಆಗ ಬಲ ಬೀಳುವುದು ಅಂಟಿನ ಮೇಲೆ, ಪುಟ್ಟಿಯ ಮೇಲಲ್ಲ. ಎಲ್ಲಾದರೂ ಬಿಗಿ ಅನ್ನಿಸಿದರೆ ನಿಲ್ಲಿಸಿ, ಇನ್ನೊಂದು ಕಡೆಯಿಂದ ಬನ್ನಿ.

ಈಗ ಬಿಳಿ ಕಾಗದ. ಕೈಗೆ ತಡೆಯುವಷ್ಟು ಬಿಸಿ ನೀರು ಒಂದು ಬಕೆಟ್, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ. ಸೋಪು ಹಾಕುವುದು ನೀರು ಕಾಗದದೊಳಗೆ ಬೇಗ ಇಳಿಯಲಿ ಅಂತ. ಇಡೀ ಗೋಡೆಯನ್ನು ಒಟ್ಟಿಗೆ ಒದ್ದೆ ಮಾಡಬೇಡಿ, ಕೆರೆಯುವಷ್ಟರಲ್ಲಿ ಆಚೆ ಕಡೆ ಒಣಗಿರುತ್ತದೆ. ಮೂರಡಿ ಅಗಲ ಸಾಕು. ಸ್ಪಂಜಿನಲ್ಲಿ ಒರೆಸಿ, ಹತ್ತು ಹದಿನೈದು ನಿಮಿಷ ಬಿಡಿ, ಮತ್ತೆ ಒಂದು ಸಲ ಒರೆಸಿ. ಕಾಗದದ ಬಣ್ಣ ನೋಡುತ್ತಿರಿ. ಮೊದಲು ಅಲ್ಲಲ್ಲಿ ಬಿಳಿ ಮಚ್ಚೆ ಉಳಿದಿರುತ್ತದೆ, ಅಲ್ಲಿಗೆ ನೀರು ಇಳಿದಿಲ್ಲ ಅಂತ ಅರ್ಥ. ಎಲ್ಲಾ ಕಡೆ ಒಂದೇ ಸಮನೆ ಬೂದು ಬಣ್ಣಕ್ಕೆ ತಿರುಗಿ, ಅಂಚು ಉಗುರಿಗೇ ಎದ್ದು ಬಂದಾಗ ಬ್ಲೇಡು ಹಿಡಿಯಿರಿ.

ನಾಲ್ಕು ಇಂಚಿನ ಪುಟ್ಟಿ ಬ್ಲೇಡು ಒಳ್ಳೆಯದು. ಹೊಸ ಬ್ಲೇಡಿನ ಎರಡು ಮೂಲೆಯೂ ಚೂಪಾಗಿರುತ್ತವೆ, ಗೋಡೆಗೆ ಗೀರು ಬೀಳುವುದು ಅಲ್ಲಿಂದಲೇ. ಎಮರಿ ಪೇಪರಿನಲ್ಲಿ ಆ ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿಕೊಳ್ಳಿ. ಬ್ಲೇಡನ್ನು ಗೋಡೆಗೆ ಹೆಚ್ಚುಕಡಿಮೆ ಮಲಗಿಸಿ ತಳ್ಳಿ. ಬರದಿದ್ದ ಕಡೆ ಬಲ ಹಾಕಬೇಡಿ, ಮತ್ತೆ ನೀರು ಹಾಕಿ ಕಾಯಿರಿ. ವಾಲ್‌ಪೇಪರಿನ ಅಂಟು ಹೆಚ್ಚಾಗಿ ಗಂಜಿಯದ್ದು ಅಥವಾ ಸೆಲ್ಯುಲೋಸಿನದ್ದು. ಎರಡೂ ನೀರಿಗೆ ಸಡಿಲವಾಗಲೇಬೇಕು, ಸ್ವಲ್ಪ ಹೊತ್ತು ಬೇಕಷ್ಟೇ. ಗೋಡೆಗಳು ಹಾಳಾಗುವುದು ಈ ಹತ್ತು ನಿಮಿಷ ಕಾಯದೆ ಬ್ಲೇಡು ಒತ್ತಿದಾಗ.

ಕೆಲವರು ಅಂಟಿಸುವಾಗ ಗಟ್ಟಿಯಾಗಲಿ ಅಂತ ಅಂಟಿಗೆ ಫೆವಿಕಾಲ್ ಬೆರೆಸಿರುತ್ತಾರೆ. ಅದು ಒಣಗಿದ ಮೇಲೆ ನೀರಿನಲ್ಲಿ ಪೂರ್ತಿ ಕರಗುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೇ. ಎರಡು ಮೂರು ಸಲ ನೆನೆಸಿದರೂ ಜಗ್ಗದ ಜಾಗ ಇದ್ದರೆ, ಸಿಮೆಂಟ್ ಪುಟ್ಟಿಯ ಗೋಡೆಯಾದರೆ ಮಾತ್ರ, ಬಟ್ಟೆಗೆ ಹಿಡಿಯುವ ಸ್ಟೀಮರನ್ನು ಸ್ವಲ್ಪ ಹೊತ್ತು ಹಿಡಿದು ಕೂಡಲೇ ಬ್ಲೇಡು ಆಡಿಸಿ.

ಕಾಗದ ಬಂತು ಅಂತ ಅವತ್ತೇ ಪೇಂಟರಿಗೆ ಫೋನ್ ಮಾಡಬೇಡಿ. ಅಂಟು ಇನ್ನೂ ಗೋಡೆಯಲ್ಲಿದೆ. ಒದ್ದೆ ಕೈಯಲ್ಲಿ ಸವರಿ ನೋಡಿ, ಜಾರುತ್ತದೆ ಅಲ್ವಾ, ಅದೇ ಅಂಟು. ಅದರ ಮೇಲೆ ಬಣ್ಣ ಹೊಡೆದರೆ ಆಮೇಲೆ ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಬಿಸಿ ನೀರು ಬದಲಿಸುತ್ತಾ ಸ್ಪಂಜಿನಲ್ಲಿ ತೊಳೆಯಿರಿ. ಅನುಮಾನ ಇದ್ದರೆ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿಯನ್ನು ನೀರಿನಲ್ಲಿ ಬೆರೆಸಿ ಮೂಲೆಯಲ್ಲಿ ತಟ್ಟಿ. ಗಂಜಿ ಅಂಟು ಉಳಿದಿದ್ದರೆ ಅಲ್ಲಿ ನೀಲಿಗಪ್ಪು ಬಣ್ಣ ಬರುತ್ತದೆ. ಸೆಲ್ಯುಲೋಸ್ ಅಂಟಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದಕ್ಕೆ ಕೈ ಸವರುವುದೇ ದಾರಿ.

ಬೇಸಿಗೆಯಾದರೆ ಕೆಲವು ದಿನ, ಮಳೆಗಾಲವಾದರೆ ಅದಕ್ಕಿಂತ ಜಾಸ್ತಿಯೇ ಒಣಗಲು ಬಿಡಿ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮಾರನೇ ದಿನ ನೋಡಿ. ಒಳಗೆ ಬೆವರು ಕಂಡರೆ ಇನ್ನೂ ತೇವ ಇದೆ. ಒಣಗಿದ ಮೇಲೆ ಗೀರು, ಗುಳಿಗೆ ಮಾತ್ರ ಪುಟ್ಟಿ, ಎಮರಿ ಪೇಪರ್, ಪ್ರೈಮರ್, ಬಣ್ಣ.

ನಿಮ್ಮ ಪೇಂಟರ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅವರ ರೇಟು ಚದರಡಿ ಲೆಕ್ಕ, ಒದ್ದೆ ಮಾಡಿ ಕಾಯುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ, ಹಾಗಾಗಿ ಕೆತ್ತುವುದೇ ಅವರಿಗೆ ಬೇಗ ಆಗುವ ಕೆಲಸ. ಕಾಗದ ತೆಗೆದು ಒಣಗಿದ ಮೇಲೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅಷ್ಟನ್ನು ಮಾತ್ರ ಕೆತ್ತಿಸಿ. ಇಡೀ ಗೋಡೆಯೇ ಟೊಳ್ಳಾಗಿದ್ದರೆ ಆಗ ಅವರ ಮಾತು ಕೇಳಲೇಬೇಕು.

ಪ್ರಶ್ನೆ: ಅಕ್ಕ, ಬಾಡಿಗೆ ಮನೆ ನಮ್ಮದು. ಆನ್‌ಲೈನಲ್ಲಿ ತರಿಸಿದ ಸ್ಟಿಕ್ಕರ್ ಥರದ ವಾಲ್‌ಪೇಪರ್ ಹಾಲಿಗೆ ಅಂಟಿಸಿದ್ದೆ, ಹಿಂದಿನ ಹಾಳೆ ಕಿತ್ತು ನೇರ ಅಂಟಿಸುವಂಥದ್ದು. ಮುಂದಿನ ತಿಂಗಳು ಖಾಲಿ ಮಾಡಬೇಕು. ಒಂದು ತುದಿ ಎಳೆದೆ, ಬಣ್ಣ ಸಮೇತ ಬಂತು. ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೋ ಅಂತ ಚಿಂತೆ.
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಮೊದಲು ಎಳೆಯುವುದನ್ನು ನಿಲ್ಲಿಸಿ. ನಿಮ್ಮದು ಪಿವಿಸಿ ಸ್ಟಿಕ್ಕರ್, ಅದಕ್ಕೆ ನೀರಿನ ಉಪಾಯ ನಡೆಯುವುದಿಲ್ಲ, ಬಿಸಿ ಬೇಕು. ಹೇರ್ ಡ್ರೈಯರನ್ನು ಮಧ್ಯಮ ಬಿಸಿಗೆ ಇಟ್ಟು, ಗೋಡೆಯಿಂದ ಒಂದು ಗೇಣು ದೂರದಲ್ಲಿ ಅರ್ಧ ನಿಮಿಷ ಆಡಿಸಿ. ಒಂದೇ ಜಾಗದಲ್ಲಿ ಹಿಡಿದರೆ ಪಿವಿಸಿ ಮೆತ್ತಗಾಗಿ ರಬ್ಬರಿನಂತೆ ಎಳೆದುಕೊಳ್ಳುತ್ತದೆ, ಅಂಟು ಗೋಡೆಯಲ್ಲೇ ಉಳಿಯುತ್ತದೆ. ಬೆಚ್ಚಗಾದ ಕೂಡಲೇ ಅಂಚನ್ನು ಹಿಂದಕ್ಕೆ ಮಡಚಿ, ಮೇಲಿನ ಉತ್ತರದಲ್ಲಿ ಹೇಳಿದ ಹಾಗೆ ಗೋಡೆಗೆ ಒರೆದು, ಒಂದು ಕೈಯಲ್ಲಿ ಬಿಸಿ ಇನ್ನೊಂದು ಕೈಯಲ್ಲಿ ಎಳೆತ. ಬಿಡಿಸಿದ ಭಾಗ ಉದ್ದವಾದಂತೆ ಭಾರಕ್ಕೆ ಜಗ್ಗುತ್ತದೆ, ಅದನ್ನು ಕತ್ತರಿಯಿಂದ ಕತ್ತರಿಸುತ್ತಾ ಹೋಗಿ. ಗೋಡೆಯ ಮೇಲೇ ಕಟರ್ ಎಳೆಯಬೇಡಿ.

ಉಳಿದ ಅಂಟಿಗೆ ಬೆಚ್ಚಗಿನ ಸೋಪು ನೀರು ಮೊದಲು. ಹೋಗದಿದ್ದರೆ ಟರ್ಪೆಂಟೈನನ್ನು ಬಟ್ಟೆಗೆ ಸ್ವಲ್ಪವೇ ಹಾಕಿ ಮೂಲೆಯಲ್ಲಿ ಪರೀಕ್ಷೆ ಮಾಡಿ, ಬಣ್ಣ ಎದ್ದು ಬರದಿದ್ದರೆ ಮುಂದುವರಿಸಿ. ಕಿಟಕಿ ತೆರೆದಿರಲಿ, ಸ್ಟವ್, ದೇವರ ದೀಪ, ಊದುಬತ್ತಿ ಯಾವುದೂ ಹತ್ತಿರ ಉರಿಯಬಾರದು. ಹೇರ್ ಡ್ರೈಯರ್ ಕೆಲಸ ಪೂರ್ತಿ ಮುಗಿದ ಮೇಲೆಯೇ ಟರ್ಪೆಂಟೈನ್ ಬಾಟಲಿ ಹೊರಗೆ ತೆಗೆಯಿರಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಅಂಟು ಹೋಗುತ್ತದೆ ಅಂತ ಹೇಳುತ್ತಾರೆ. ಗಾಜಿನ ಮೇಲೆ ಸರಿ, ಗೋಡೆಗೆ ಹಚ್ಚಬೇಡಿ. ಗೋಡೆ ಎಣ್ಣೆಯನ್ನು ಹೀರಿಕೊಂಡು, ಹೊಸ ಬಣ್ಣದ ಮೇಲೂ ಕಲೆ ಕಾಣುತ್ತದೆ.

ಬಾಡಿಗೆ ಮನೆಗಳಲ್ಲಿ ಡಿಸ್ಟೆಂಪರ್ ಹೊಡೆದಿರುವುದು ಜಾಸ್ತಿ. ಕೈಯಿಂದ ಉಜ್ಜಿದರೆ ಪುಡಿ ಬರುತ್ತಿದ್ದರೆ ಅದೇ. ಅಂಥ ಗೋಡೆಯಲ್ಲಿ ನೀವು ಎಷ್ಟೇ ಹುಷಾರಾಗಿದ್ದರೂ ಸ್ವಲ್ಪ ಬಣ್ಣ ಬಂದೇ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಪುಟ್ಟಿ ಏಳದ ಹಾಗೆ ನೋಡಿಕೊಂಡರೆ ಸಾಕು.

ಅಡ್ವಾನ್ಸಿನ ಮಾತು. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನಲ್ಲಿ ರೂಢಿ. ನಿಮ್ಮ ಅಗ್ರಿಮೆಂಟಿನಲ್ಲಿ ಆ ಸಾಲು ಇದೆಯಾ ಓದಿ ನೋಡಿ. ಇದ್ದರೆ, ಬಣ್ಣ ಹೋಗಿದ್ದಕ್ಕೆ ಬೇರೆ ದುಡ್ಡು ಕೇಳುವುದು ನ್ಯಾಯವಲ್ಲ, ಹೇಗಿದ್ದರೂ ಹೊಸ ಬಣ್ಣ ನಿಮ್ಮ ದುಡ್ಡಿನಲ್ಲೇ ಆಗುತ್ತಿದೆ. ಪುಟ್ಟಿ ಕಿತ್ತ ಜಾಗ ಇದ್ದರೆ ಅದನ್ನು ಮಾತ್ರ ನೀವೇ ತುಂಬಿಸಿ ಉಜ್ಜಿಕೊಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕೆಜಿ ಪುಟ್ಟಿ ಪ್ಯಾಕೆಟ್ ಸಿಗುತ್ತದೆ. ಓನರ್ ಹತ್ತಿರ ಈಗಲೇ ಮಾತಾಡಿ, ಕೀ ಕೊಡುವ ದಿನದ ತನಕ ಮುಚ್ಚಿಡಬೇಡಿ. ಕೆಲಸದ ಮುಂಚೆ, ಆಮೇಲೆ ಫೋಟೋ ತೆಗೆದಿಡಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ತಾತನ ಕಾಲದ ಗಾರೆ ಗೋಡೆಯ ಮನೆ. ನಡುಮನೆಯ ವಾಲ್‌ಪೇಪರಿಗೆ ವಿನೆಗರ್ ಬೆರೆಸಿದ ಬಿಸಿ ನೀರು ಹೊಡೆದರೆ ಬೇಗ ಬರುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ಮಾಡಲಾ?
— ಓದುಗರು, ಮೈಸೂರು

ಉತ್ತರ: ದಯವಿಟ್ಟು ಬೇಡ. ಗಾರೆ ಅಂದರೆ ಸುಣ್ಣ, ವಿನೆಗರ್ ಅಂದರೆ ಹುಳಿ. ಹುಳಿ ಬಿದ್ದರೆ ಸುಣ್ಣ ನೊರೆ ಬಂದು ಸವೆಯುತ್ತದೆ. ಆ ವಿಡಿಯೋಗಳು ಬೇರೆ ದೇಶದ ಬೇರೆ ಥರದ ಗೋಡೆಗೆ ಮಾಡಿದವು. ನಿಮ್ಮ ಮನೆಯಲ್ಲಿ ಕಾಗದ ಅಂಟಿರುವುದು ಸುಣ್ಣದ ಬಳಿತದ ಮೇಲೆ, ಅದೇ ಸಡಿಲ ಪದರ. ಬರೀ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಒದ್ದೆ ಮಾಡಿದರೆ ಬಳಿತದ ಸಮೇತ ಸುಲಭವಾಗಿ ಬರುತ್ತದೆ, ಬರಲಿ. ಕಬ್ಬಿಣದ ಬ್ಲೇಡು ಬೇಡ, ಪ್ಲಾಸ್ಟಿಕ್ಕಿನದು ತಗೊಳ್ಳಿ. ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಪುಡಿ ಉದುರಿಸಿ ಮತ್ತೆ ಸುಣ್ಣವನ್ನೇ ಬಳಿಯಿರಿ.

ಇನ್ನೊಂದು ಮಾತು ಕೇಳದೆಯೂ ಹೇಳುತ್ತೇನೆ. ಗುಳಿ ತುಂಬಲು ಸಿಮೆಂಟ್ ಪುಟ್ಟಿ, ಮೇಲೆ ಪ್ಲಾಸ್ಟಿಕ್ ಪೇಂಟು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಗಾರೆ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತಲೇ ಇರುತ್ತದೆ, ಅದನ್ನು ಮುಚ್ಚಿದರೆ ತೇವ ಒಳಗೇ ನಿಂತು ಬಳಿದದ್ದೆಲ್ಲ ಉಬ್ಬಿ ಬರುತ್ತದೆ. ಇಷ್ಟು ವರ್ಷ ಬಾಳಿದ ಗೋಡೆ ಅದು, ಸುಣ್ಣದ ಕೆಲಸ ಗೊತ್ತಿರುವ ಗಾರೆಯವರು ಮೈಸೂರಿನಲ್ಲಿ ಇನ್ನೂ ಇದ್ದಾರೆ, ಹುಡುಕಿ ಮಾಡಿಸಿ.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮ ಮನೆಯ ಹೊರಗೋಡೆಯ ಒಳಬದಿಯಲ್ಲಿ ವಾಲ್‌ಪೇಪರ್ ಇದೆ. ಈ ಮಳೆಗಾಲದಲ್ಲಿ ಒಂಥರಾ ಮುಗ್ಗಲು ವಾಸನೆ. ಅಂಚು ಎತ್ತಿ ನೋಡಿದರೆ ಹಿಂದೆ ಎಲ್ಲಾ ಕಪ್ಪು ಚುಕ್ಕೆ. ಮಗಳಿಗೆ ಉಬ್ಬಸ ಬೇರೆ ಇದೆ.
— ಓದುಗರು, ಮಂಗಳೂರು

ಉತ್ತರ: ಮಗಳನ್ನು ಆ ರೂಮಿನಲ್ಲಿ ಮಲಗಿಸಬೇಡಿ, ತೆಗೆಯುವ ದಿನ ಮನೆಯಲ್ಲೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಅದು ಬೂಷ್ಟು. ಗೋಡೆಗೆ ಬಂದ ತೇವ ಪ್ಲಾಸ್ಟಿಕ್ ಹಾಳೆಯನ್ನು ದಾಟಲಾಗದೆ ಹಿಂದೆಯೇ ನಿಂತಿದೆ, ಗಂಜಿ ಅಂಟು ಬೂಷ್ಟಿಗೆ ಊಟವಾಗಿದೆ. ತೆಗೆಯುವವರು ಎನ್95 ಮಾಸ್ಕು, ಗ್ಲೌಸು ಹಾಕಿಕೊಳ್ಳಿ. ಒಣಗಿದ ಬೂಷ್ಟು ಪುಡಿಯಾಗಿ ಹಾರುತ್ತದೆ, ಹಾಗಾಗಿ ಅಂಚು ಎತ್ತಿದಲ್ಲೆಲ್ಲ ನೀರು ಸಿಂಪಡಿಸಿಕೊಂಡೇ ಬಿಡಿಸಿ. ಕಿತ್ತ ಕಾಗದವನ್ನು ಅಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಫ್ಯಾನ್ ಹಾಕಬೇಡಿ.

ಗೋಡೆಯನ್ನು ಸೋಪು ನೀರಿನಲ್ಲಿ ತೊಳೆದು, ಆಮೇಲೆ ಒಂದು ಲೋಟ ಬ್ಲೀಚಿಗೆ ಹದಿನೈದು ಲೋಟದಷ್ಟು ನೀರು ಬೆರೆಸಿ ಒರೆಸಬಹುದು, ಕಿಟಕಿಗಳೆಲ್ಲ ತೆರೆದಿರಬೇಕು. ಬ್ಲೀಚಿನ ಜೊತೆ ವಿನೆಗರ್, ಬಾತ್‌ರೂಮ್ ಆಸಿಡ್, ಅಮೋನಿಯಾ ಇರುವ ಕ್ಲೀನರ್ ಯಾವುದನ್ನೂ ಸೇರಿಸಬೇಡಿ, ವಿಷಗಾಳಿ ಬರುತ್ತದೆ.

ಇಷ್ಟು ಮಾಡಿಯೂ, ನೀರು ಬರುವ ದಾರಿ ಮುಚ್ಚದಿದ್ದರೆ ಮುಂದಿನ ಮಳೆಗೆ ಮತ್ತೆ ಬೂಷ್ಟು ಬರುತ್ತದೆ. ಹೊರಗಿನಿಂದ ನೋಡಿ: ಗೋಡೆಯಲ್ಲಿ ಬಿರುಕು, ಕಿಟಕಿ ಸಜ್ಜೆ ಗೋಡೆಗೆ ಸೇರುವ ಜಾಗ, ಒಡೆದ ಪೈಪು. ಹೊರಗೆ ಸರಿಮಾಡಿ, ಒಂದು ಮಳೆಗಾಲ ಗೋಡೆಯನ್ನು ಬರಿದಾಗಿಯೇ ಬಿಟ್ಟು ನೋಡಿ, ಆಮೇಲೆ ಬಣ್ಣ. ಕರಾವಳಿಯ ಹೊರಗೋಡೆಗೆ ಮತ್ತೆ ವಿನೈಲ್ ವಾಲ್‌ಪೇಪರ್ ಅಂಟಿಸುವ ಯೋಚನೆ ಬಿಡಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ 1950ರ ದಶಕದ ಮನೆ ಕೊಂಡಿದ್ದೇವೆ. ಊಟದ ಕೋಣೆಯಲ್ಲಿ ಒಂದರ ಮೇಲೊಂದು ಮೂರು ಪದರ ವಾಲ್‌ಪೇಪರ್, ಅದರ ಕೆಳಗೆ ಹಳೇ ಬಣ್ಣ. ಮಗುವಿಗೆ ಎರಡು ವರ್ಷ. ಏನು ನೋಡಿಕೊಳ್ಳಬೇಕು?
— ಓದುಗರು, ನ್ಯೂಜೆರ್ಸಿ

ಉತ್ತರ: ಮೊದಲು ಸೀಸ. ಅಮೆರಿಕದಲ್ಲಿ ಮನೆಗೆ ಹೊಡೆಯುವ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ, ನಿಮ್ಮ ಮನೆ ಅದಕ್ಕಿಂತ ಹಳೆಯದು. ಕೆಳಗಿನ ಬಣ್ಣದಲ್ಲಿ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿಸದೆ ಒಂದು ಚಕ್ಕೆಯನ್ನೂ ಕೆರೆಯಬೇಡಿ, ಒಣ ಎಮರಿ ಪೇಪರ್ ಅಂತೂ ಮುಟ್ಟಬೇಡಿ. ಚಿಕ್ಕ ಮಕ್ಕಳ ಮಿದುಳಿಗೆ ಆ ಧೂಳು ಕೆಟ್ಟದ್ದು. ಸೀಸ ಇದ್ದರೆ ಅದಕ್ಕೆಂದೇ ಸರ್ಟಿಫಿಕೇಟ್ ಪಡೆದ ಕೆಲಸಗಾರರು ನಿಮ್ಮಲ್ಲಿ ಸಿಗುತ್ತಾರೆ, ಅವರಿಗೇ ಬಿಡಿ. ಊರಿನಲ್ಲಿರುವ ಓದುಗರಿಗೂ ಇದು ಸೇರಿದ್ದೇ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಆಯಿಲ್ ಪೇಂಟಿನ ಗೋಡೆ, ಬಾಗಿಲು, ಕಿಟಕಿಗಳನ್ನು ಒಣ ಉಜ್ಜದೆ ಒದ್ದೆ ಮಾಡಿಯೇ ಉಜ್ಜಬೇಕು, ಮಕ್ಕಳು ದೂರ ಇರಬೇಕು.

ಸೀಸ ಇಲ್ಲ ಅಂತ ಗೊತ್ತಾದರೆ, ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಡ್ರೈವಾಲ್ ಇರಬಹುದು. ಅದು ಎರಡು ಕಾಗದದ ನಡುವಿನ ಜಿಪ್ಸಮ್ ಹಲಗೆ. ಅದರ ಕಾಗದ ಹರಿದರೆ ಒದ್ದೆ ಪುಟ್ಟಿ ಬಿದ್ದಾಗ ಗುಳ್ಳೆ ಏಳುತ್ತದೆ, ಹಾಗಾಗಿ ಹರಿದ ಜಾಗಕ್ಕೆ ಮೊದಲು ಸೀಲರ್ ಹಚ್ಚಬೇಕು. ನೀರು ಒಳಗೆ ಇಳಿಯಲಿ ಅಂತ ವಾಲ್‌ಪೇಪರಿಗೆ ಚುಚ್ಚುವ ಚಕ್ರದ ಉಪಕರಣ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಒತ್ತಿದರೆ ಡ್ರೈವಾಲಿನ ಕಾಗದಕ್ಕೂ ತೂತು ಬೀಳುತ್ತದೆ, ಬಹಳ ಹಗುರವಾಗಿ ಆಡಿಸಿ. ಮೂರು ಪದರವನ್ನೂ ಒಟ್ಟಿಗೆ ಕೀಳಲು ಹೋಗದೆ ಒಂದೊಂದೇ ತೆಗೆಯಿರಿ. ಅಲ್ಲಿ ಸಿಗುವ ಎಂಜೈಮ್ ದ್ರಾವಣ ಗಂಜಿ ಅಂಟನ್ನು ಚೆನ್ನಾಗಿ ಬಿಡಿಸುತ್ತದೆ. ಕುದಿಯುವ ನೀರಿಗೆ ಹಾಕಿದರೆ ಎಂಜೈಮ್ ಸತ್ತುಹೋಗುತ್ತದೆ, ಬೆಚ್ಚಗಿನ ನೀರು ಸಾಕು.

ಪ್ರಶ್ನೆ: ಕೀಳುವ ರಗಳೆಯೇ ಬೇಡ, ಅದರ ಮೇಲೇ ಬಣ್ಣ ಹೊಡೆದರೆ ಆಗಲ್ವಾ?
— ಓದುಗರು, ಹುಬ್ಬಳ್ಳಿ

ಉತ್ತರ: ಪ್ಲಾಸ್ಟಿಕ್ ಮೈಯ ವಾಲ್‌ಪೇಪರಾದರೆ ಬಣ್ಣ ಹಿಡಿಯುವುದಿಲ್ಲ. ಬರೀ ಕಾಗದದ್ದಾದರೆ ಬಣ್ಣದಲ್ಲಿರುವ ನೀರಿಗೆ ಅಂಟು ನೆನೆದು ಅಲ್ಲಲ್ಲಿ ಉಬ್ಬುತ್ತದೆ, ಜೋಡಣೆಯ ಗೆರೆಗಳು ಎದ್ದು ಕಾಣುತ್ತವೆ. ಇಷ್ಟರ ಮೇಲೆ ಬಣ್ಣ ಹೊಡೆದ ಕಾಗದದೊಳಗೆ ನೀರು ಇಳಿಯದ ಕಾರಣ ಮುಂದೆ ಕೀಳುವುದು ಇನ್ನೂ ಕಷ್ಟ. ಹಳೆಯದರ ಮೇಲೆ ಹೊಸ ವಾಲ್‌ಪೇಪರ್ ಅಂಟಿಸಿದರೂ ಇದೇ ಕಥೆ, ಕೆಳಗಿನದು ಬಿಟ್ಟಾಗ ಮೇಲಿನದನ್ನೂ ಎಳೆದುಕೊಂಡು ಬೀಳುತ್ತದೆ. ನಿಮ್ಮೂರಿನ ಬಿಸಿಲಿಗೆ ಗೋಡೆ ಬೇಗ ಒಣಗುತ್ತದೆ, ಮಾರ್ಚ್‌ನಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಕಿತ್ತೇಬಿಡಿ.